ಸರಿಸಿ ಕೂರಿಸುವ ದೊಡ್ಡಪ್ಪ

ಬೀದಿಗೆಲ್ಲ ದೊಡ್ಡಪ್ಪನಾದ ಇವರಿಗೆ ಜಾಗವಿಲ್ಲ ಎಂಬ ಮಾತು ಕೇಳಿದರಾಗದು. ಬಸ್ಸಿನಲ್ಲಿ ಮೂವರ ಸೀಟಿಗೆ ನಾಲ್ವರನ್ನು ಕೂರಿಸುವವರು ಮನೆಯ ಕಂಪ್ಯೂಟರನ್ನು ಬಿಟ್ಟಾರೆಯೇ? ಸಿ ಡ್ರೈವ್ ತುಂಬಿತೆಂದು ಅದು ಗೊಣಗಿದ್ದೇ ತಡ, "ಡಿ ಒಂಚೂರು ಸರಿದು ಕೂತ್ರೆ ಆಯ್ತಪ್ಪ" ಎಂದು ಕನ್ನಡಕ ಏರಿಸುತ್ತಾರೆ. ಡಿ ಡ್ರೈವಿನ ಜಾಗ ಕಡಿಮೆ ಮಾಡಿ ಸಿಗೆ ಸೇರಿಸುವಷ್ಟು ಹೊತ್ತೂ ಮನೆಯಲ್ಲಿ ಮಿಕ್ಸಿ ತಿರುಗುವಂತಿಲ್ಲ, ಇಸ್ತ್ರಿಪೆಟ್ಟಿಗೆ ಕಾಯುವಂತಿಲ್ಲ. ನಡುವೆ ಕರೆಂಟು ಹೋದರೆ ಎಲ್ಲರ ಫೋಟೋಗಳೂ ಗೋತಾ ಎಂದು ಸ್ವಿಚ್ಚಿನ ಪಕ್ಕ ಕುರ್ಚಿ ಹಾಕಿಕೊಂಡು ಕಾವಲು ಕೂರುತ್ತಾರೆ. ಸೀನು ಬಂದವರು ಹಿತ್ತಿಲಿಗೆ ಹೋಗಿ ಸೀನಿ ಬರಬೇಕು. ಇಷ್ಟಾಗಿ ಸ್ವಲ್ಪ ದಿನಕ್ಕೆ ಡಿ ತುಂಬುತ್ತದೆ, ಸರಿಸಿದ್ದನ್ನೇ ಮತ್ತೆ ಡಿಯತ್ತ ಸರಿಸುವ ಕೆಲಸ. "ಆ ಇ ಡ್ರೈವು ಖಾಲಿ ಬಿದ್ದಿದೆಯಲ್ಲರೀ, ಅದರಿಂದ ತಗೊಂಡ್ರೆ ಒಂದೇ ಸಲಕ್ಕೆ ಮುಗಿಯುತ್ತೆ" ಎಂದು ದೊಡ್ಡಮ್ಮ ಪ್ರತಿಸಲವೂ ಹೇಳುತ್ತಾರೆ. ಆ ಡ್ರೈವಿಗೆ ಮದುವೆಯಾಗಿ ಹೋದ ಮಗಳ ಹೆಸರಿಟ್ಟಿದೆ. ದೊಡ್ಡಪ್ಪ ಒಮ್ಮೆ ಸುತ್ತ ನೋಡುತ್ತಾರೆ: ಅವಳು ಮಲಗುತ್ತಿದ್ದ ಮಂಚ ಗೋಡೆಗೊರಗಿದೆ, ಅದರ ಜಾಗದಲ್ಲಿ ಈ ಕಂಪ್ಯೂಟರಿನ ಮೇಜು ಕೂತಿದೆ. "ಅವಳ ಕೋಣೆ ಹೇಗೂ ನಾವು ತಗೊಂಡಾಯ್ತು. ಇದೊಂದು ಹಾಗೇ ಇರ್ಲಿ ಬಿಡೇ."