ಅರ್ಧ ಬಡಿದ ಗಚ್ಚು

ಲಿಂಗಸುಗೂರಿನ ಹಳೆಯ ಕಲ್ಲುಕಟ್ಟಡವೊಂದರಲ್ಲಿದ್ದ ವಸ್ತುಸಂಗ್ರಹಾಲಯಕ್ಕೆ ನಾನು ಕಾವಲುಗಾರ. ಕಾಯುವುದೇನು, ಮಸ್ಕಿ ಕಡೆಯಿಂದ ತಂದ ವೀರಗಲ್ಲುಗಳು, ಒಡಕು ಗಡಿಗೆಗಳು. ಕಳ್ಳ ಬಂದರೂ ನನ್ನನ್ನು ಮುಕ್ಕಾದ ವಿಗ್ರಹವೆಂದು ಬಿಟ್ಟುಹೋಗಬೇಕು, ಹಾಗೆ ಕೂತಿರುತ್ತಿದ್ದೆ. ಬೇಸರಕ್ಕೆ ಬಂದುಹೋದವರ ದನಿಯನ್ನೆಲ್ಲ ಅಣಕಿಸುತ್ತಿದ್ದೆ.

ತೊಂಬತ್ತರ ದಶಕದ ಒಂದು ಮಳೆಗಾಲಕ್ಕೆ ಮಾಳಿಗೆ ಸೋರತೊಡಗಿತು. ಸಿಮೆಂಟು ಸುರಿದರೆ ಹಳೆಯ ಗೋಡೆ ಉಸಿರುಕಟ್ಟಿ ಉದುರುತ್ತದೆಂದು ಸುಣ್ಣದ ಗಚ್ಚು ಹಾಕುವ ಮೇಸ್ತ್ರಿ ಚಾಚಾ ಹಟ ಹಿಡಿದ. ಇಲಾಖೆಯ ಎಂಜಿನಿಯರು ಒಪ್ಪಿದರು. ಆದರೆ ಮತ್ತೆ ಸೋರಿದರೆ ಕಲ್ಲುಗಳನ್ನು ಸಾಗಿಸಿ ಕಟ್ಟಡವನ್ನೇ ಕೆಡವಿಸುತ್ತೇನೆಂದರು.

ಸುಣ್ಣ, ಇಟ್ಟಿಗೆಚೂರು, ಬೆಲ್ಲ-ಅಳಲೆಕಾಯಿ ನೆನೆಸಿದ ನೀರು. ಕಲಸಿ ಮಾಳಿಗೆಗೆ ಹರಡಿದ ಮೇಲೆ ಹೆಂಗಸರು ಸಾಲಾಗಿ ಕೂತು ಮರದ ಕೊಡತಿಯಿಂದ ಬಡಿಯಬೇಕು. ದಪ್ ಎಂದರೆ ಇನ್ನೂ ಪೊಳ್ಳು. ಠಣ್ ಎಂದು ಕೊಡತಿ ಪುಟಿದರೆ ಗಚ್ಚು ಗಟ್ಟಿ. ನಡುವೆ ನಿಲ್ಲಿಸಿದರೆ ಬಿರುಕು. ತಾಳ ತಪ್ಪದಿರಲೆಂದು ನಾನು ಎಂಜಿನಿಯರ ದನಿಯಲ್ಲಿ ಪದ ಹೇಳುತ್ತಿದ್ದೆ. ಅವರು ನಗುತ್ತ ಬಡಿಯುತ್ತಿದ್ದರು.

ಅರ್ಧ ಮಾಳಿಗೆ ಠಣ್ ಎನ್ನುವಷ್ಟರಲ್ಲಿ ಸಿಂಧನೂರು ಕಡೆ ಕಾಲುವೆಗೆ ನೀರು ಬಿಟ್ಟರು. ಹೆಂಗಸರನ್ನು ಮುಕ್ಕುಂದದ ಭತ್ತದ ನಾಟಿಗೆ ಒಯ್ಯಲು ಟ್ರ್ಯಾಕ್ಟರು ಬಾಗಿಲಿಗೇ ಬಂತು.

"ಯಕ್ಕಾ, ಇನ್ನರ್ಧ ಐತಿ, ನಿಲ್ರಿ" ಎಂದೆ.

"ಸಸಿ ನಿಲ್ತಾವೇನೋ? ನಿನ್ನ ಕಲ್ಲು ಇಷ್ಟು ವರ್ಷ ನಿಂತಾವ, ಒಂದು ನಾಟಿ ಮುಗಿಯೂತನ ನಿಲ್ಲಂಗಿಲ್ಲೇನು?" ಎನ್ನುತ್ತ ಹೆಂಗಸರ ಮುಂದಾಳು ಹತ್ತಿ ಕೂತಳು. "ಪದ ಹೇಳಾಕ ನೀನೂ ಬಾ. ಕೆಸರು ಹತ್ತಿದ್ರಾದ್ರೂ ನಿನ್ನ ಮಾರಿ ಚಂದ ಕಾಣ್ತೈತಿ."

ನನಗೆ ನಗು ಬರಲಿಲ್ಲ. ಪಡುವಣದಲ್ಲಿ ಮೋಡ ಕಟ್ಟಿತ್ತು.

ಚಾಚಾ ಕೊಡತಿ ಹಿಡಿದು ಕೂತ. ನಾನೂ ಕೂತೆ. ಇಬ್ಬರ ಬಡಿತಕ್ಕೆ ತಾಳವೇ ಹುಟ್ಟಲಿಲ್ಲ.

"ಲೇ, ಅವರೆಲ್ಲಾರ ದನಿ ತಗಿ. ಮಂದಿ ಅದಾರ ಅನ್ನಿಸಿದ್ರ ಕೈ ಓಡ್ತಾವ," ಎಂದ ಚಾಚಾ.

ಹೋದವರ ದನಿಗಳನ್ನು ಒಂದೊಂದಾಗಿ ತೆಗೆದೆ. ಮುಂದಾಳಿನ ಬೈಗುಳ, ಇನ್ನೊಬ್ಬಳ ಕೆಮ್ಮು, ಮೂಗಿನಲ್ಲಿ ಹಾಡುವವಳ ರಾಗ. ಅಂಗೈ ಬೊಬ್ಬೆ ಒಡೆದು ಕೊಡತಿ ಜಾರತೊಡಗಿತು. ಆದರೂ ದಪ್, ದಪ್.

ಸಂಜೆಗೆ ಮಳೆ ಬಂತು. ಹಸಿ ಗಚ್ಚಿಗೆ ಹೊದಿಸಿದ ತಾಡಪತ್ರಿ ಗಾಳಿಗೆ ಹಾರಿಹೋಯಿತು. ಕೆಳಗೋಡಿ ವೀರಗಲ್ಲುಗಳನ್ನು ಗಟ್ಟಿಯಾದ ಅರ್ಧ ಮಾಳಿಗೆಯ ಅಡಿಗೆ ಎಳೆದೆವು. ಎಲ್ಲಕ್ಕಿಂತ ದೊಡ್ಡದು ಮಾತ್ರ ಅಲುಗಲಿಲ್ಲ. ಕುದುರೆಯೇರಿದ ಅದರ ವೀರನ ಮುಖದ ಮೇಲೆ ಸುಣ್ಣದ ನೀರು ಬಿಳಿಯಾಗಿ ಇಳಿಯತೊಡಗಿತು.

"ಬೇಟಾ, ಎಲ್ಲಾರ ದನಿ ತಗೀತಿ. ಆ ಠಣ್ ಅನ್ನೂದೊಂದು ತಗಿ," ಎಂದ ಚಾಚಾ, ಮೇಲೆ ನೋಡುತ್ತಲೇ.

ಬಾಯಿ ತೆರೆದೆ. ದಪ್ ಎಂದೇ ಬಂತು. ತಲೆಯ ರುಮಾಲು ಬಿಚ್ಚಿ ಆ ವೀರನಿಗೆ ಹೊದಿಸಿದೆ.

ಬೆಳಿಗ್ಗೆ ಬಂದ ಎಂಜಿನಿಯರು ಕಲ್ಲು ಸಾಗಿಸಲು ಲಾರಿಯನ್ನೂ ಜೊತೆಗೇ ತಂದಿದ್ದರು.