ಗೋಡೆಗೆ ಕಿವಿಯಿಡುವ ಪಿಟೀಲಿನ ಹುಡುಗಿ

ಹೈಸ್ಕೂಲಿನ ಕೊನೆಯ ವರ್ಷದಲ್ಲಿ ಸಂಗೀತದ ಕಾಲೇಜು ಹುಡುಕುತ್ತಿರುವ ಈ ಪಿಟೀಲಿನ ಹುಡುಗಿಗೆ ಮನೆಯವರಿಟ್ಟ ಹೆಸರು 'ಇನ್‌ಸ್ಪೆಕ್ಟರ್'. ಯಾವ ಕಾಲೇಜಿಗೆ ಕಾಲಿಟ್ಟರೂ ಅವಳು ಪಾಠ ಮಾಡುವವರು ಯಾರೆಂದು ಕೇಳುವವಳಲ್ಲ, ನೇರ ಅಭ್ಯಾಸದ ಕೋಣೆಗೆ ನುಗ್ಗಿ, ಮೂಲೆಮೂಲೆಯಲ್ಲೂ ಚಪ್ಪಾಳೆ ತಟ್ಟಿ, ಗೋಡೆಗೆ ಕಿವಿಯಿಟ್ಟು, "ಪಕ್ಕದ ರೂಮಿಗೆ ಕೇಳ್ಸುತ್ತಾ?" ಎನ್ನುತ್ತಾಳೆ. ದೊಡ್ಡ ಹೆಸರಿನ ಕಾಲೇಜೊಂದನ್ನು ಬಾಗಿಲ ಸಂದಿ ಅಗಲವಾಯಿತೆಂದು ತಳ್ಳಿಹಾಕಿದ್ದಾಳೆ. "ನೀನು ಕಾಲೇಜು ಸೇರ್ತೀಯೋ, ಗೋಡೆ ಕೊಂಡ್ಕೊಳ್ತೀಯೋ?" ಎಂದು ಅಮ್ಮ ಹಣೆ ಚಚ್ಚಿಕೊಂಡರೆ ಮೊದಲು ನಗುವವಳೂ ಅವಳೇ. "ಕುಣಿಯೋಕೆ ಬರದೋಳಿಗೆ ನೆಲ ಡೊಂಕು, ನನಗೆ ಗೋಡೆ ಡೊಂಕಮ್ಮ. ನನ್ನದೇನು ಪಿಟೀಲಾ? ಸೊಳ್ಳೆಗೆ ಅಕ್ಕ!" ಸೊಳ್ಳೆಯಾಗದೆ ಇನ್ನೇನಾದೀತು? ರಾತ್ರಿಪಾಳಿ ಮುಗಿಸಿ ಬರುವ ಅಪ್ಪ ಹಗಲೆಲ್ಲ ಪಕ್ಕದ ಕೋಣೆಯಲ್ಲಿ ಮಲಗುವುದರಿಂದ, ಮನೆಯಲ್ಲೇ ಕಲಿತ ಅವಳು ಚಿಕ್ಕಂದಿನಿಂದಲೂ ತಂತಿಗಳ ಬುಡಕ್ಕೆ ದನಿ ತಗ್ಗಿಸುವ ರಬ್ಬರ್ ತುಂಡು ಸಿಕ್ಕಿಸಿಯೇ ನುಡಿಸಿದವಳು. ಅದು ಪಿಟೀಲಿನದೇ ಒಂದು ಅಂಗವೆಂಬಷ್ಟು ಅಭ್ಯಾಸವಾಗಿಹೋಗಿತ್ತು. ಮೊನ್ನೆ ಹೋದ ಕಾಲೇಜಿನಲ್ಲಿ ಪರೀಕ್ಷೆ ಮಾಡಲು ಕೂತಿದ್ದ ಮೇಡಂ ಆ ರಬ್ಬರನ್ನು ಕಿತ್ತು ಮೇಜಿನ ಮೇಲಿಟ್ಟರು. ಅವಳು ಕಮಾನು ಎಳೆದದ್ದೇ ತಡ, ಕೋಣೆ ತುಂಬಿ ಹೊರಚೆಲ್ಲುವಂಥ ದನಿ ಎದ್ದಿತು. ಇನ್‌ಸ್ಪೆಕ್ಟರ್ ಬೆಚ್ಚಿಬಿದ್ದು ತಂತಿಯಿಂದ ಕಮಾನು ಎತ್ತಿಬಿಟ್ಟಳು. "ಅಯ್ಯೋ, ಅಪ್ಪ ಎದ್ಬಿಡ್ತಾರೆ!" ನಿದ್ದೆಗೆಟ್ಟು ಅವಳ ಜೊತೆಗೆ ಬಂದಿದ್ದ ಅಪ್ಪ ಬಾಗಿಲಾಚೆಯ ಬೆಂಚಿನಿಂದಲೇ ಹೇಳಿದರು: "ಎದ್ದೇ ಇದೀನಮ್ಮ, ನುಡಿಸು."