ಕಾಲುವೆಯವರ ನರ್ಸಮ್ಮ

ಎಪ್ಪತ್ತರ ದಶಕ ಶುರುವಾಗಿ ಒಂದೆರಡು ವರ್ಷವಾಗಿತ್ತು. ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಸೊಸೆಯಾಗಿ ಬಂದಿದ್ದ ನಾನು ಆಗ ಚೊಚ್ಚಲ ಬಸುರಿ. ತವರಿಗೆ ಹೋಗುವ ಹಾಗಿರಲಿಲ್ಲ; ನನ್ನ ತಮ್ಮನನ್ನು ಹೆರುವಾಗಲೇ ಅವ್ವ ತೀರಿಹೋಗಿದ್ದಳು. ಅಂದು ಬಾಗಿಲ ಹೊರಗೆ ಕೂತು ಕೇಳಿದ ಅವಳ ಕೂಗು ಬಸುರಾದ ಮೇಲೆ ಮತ್ತೆ ಮತ್ತೆ ಕಿವಿಗೆ ಬರುತ್ತಿತ್ತು. ಯಾರಿಗೂ ಹೇಳಿರಲಿಲ್ಲ.

ನನ್ನ ಅತ್ತೆ ನಮ್ಮ ಚರ್ಚಿನ ಸಭೆಯ ಹೆಂಗಸರಿಗೆ ಸತ್ಯವೇದ ಓದಿ ಹೇಳುತ್ತಿದ್ದವರು. ಒಬ್ಬರ ಭಾರವನ್ನು ಒಬ್ಬರು ಹೊರಬೇಕು, ಹೊತ್ತು ಮುಳುಗುವುದರೊಳಗೆ ಸಿಟ್ಟು ಬಿಡಬೇಕು ಎಂದು ಪೌಲನು ಸಭೆಗಳಿಗೆ ಬರೆದ ಪತ್ರಿಕೆಗಳನ್ನು ಚೆನ್ನಾಗಿ ಬಿಡಿಸಿ ಹೇಳುವರು. ಆದರೆ ಹಿಂದಿನ ವರ್ಷ ಸಭೆಯೇ ಒಡೆದಿತ್ತು. ಕೂಸಿನ ತಲೆಗೆ ನೀರು ಚಿಮುಕಿಸಿದರೆ ಅದು ದೀಕ್ಷಾಸ್ನಾನವೇ ಅಲ್ಲ, ದೊಡ್ಡವರಾಗಿ ನಂಬಿದ ಮೇಲೆ ನೀರಲ್ಲಿ ಮುಳುಗಬೇಕು ಎಂದು ಕೆಲವರು ಬೇರೆಯಾಗಿ, ಕಾಲುವೆಯಲ್ಲಿ ಮುಳುಗಿ ಎದ್ದಿದ್ದರು. ನಮ್ಮವರು ಅವರನ್ನು ಕಾಲುವೆಯವರು ಎಂದು ಕರೆಯತೊಡಗಿದರು. ಕುರುಗೋಡಿನಲ್ಲಿ ನರ್ಸ್ ಆಗಿದ್ದು, ಕೆಲಸ ಬಿಟ್ಟು ನಮ್ಮ ಓಣಿಗೆ ಬಂದಿದ್ದ ನರ್ಸಮ್ಮ ಅವರಲ್ಲೊಬ್ಬಳು. ಇನ್ನು ಮೇಲೆ ನಮ್ಮ ಮನೆಗೆ ಕಾಲಿಡಬೇಡ ಎಂದು ಅತ್ತೆ ಅವಳಿಗೆ ಎಲ್ಲರೆದುರೇ ಹೇಳಿದ್ದರು.

ಬೇಸಿಗೆಯ ಒಂದು ಮಧ್ಯಾಹ್ನ ನನಗೆ ನೋವು ಶುರುವಾಯಿತು. ದಿನ ಇನ್ನೂ ತುಂಬಿರಲಿಲ್ಲ. ಗಂಡ ಭತ್ತ ತರಲು ನಮ್ಮ ತಾಲೂಕಿನ ಕರೂರಿಗೆ ಹೋಗಿದ್ದರು, ಡಾಕ್ಟರು ಊರಲ್ಲಿರಲಿಲ್ಲ. ನೆತ್ತರೂ ಕಂಡಿತು. ಅತ್ತೆ ಸೆರಗು ಹೊದ್ದು, ನರ್ಸಮ್ಮನನ್ನು ಕರೆತರುತ್ತೇನೆಂದರು.

ನೋವಿಗಿಂತ ಆ ಮಾತಿಗೇ ನಾನು ಹೆಚ್ಚು ಹೆದರಿದೆ.

“ಆಕಿ ಬ್ಯಾಡ್ರಿ ಅತ್ತಿ. ನಿಮ್ಮ ಮ್ಯಾಲಿನ ಸಿಟ್ಟು ನನ್ನ ಮ್ಯಾಲೆ ತೀರಿಸ್ಕೊಂಡ್ರ?”

“ನನಗೂ ಹೆದರಿಕಿ ಐತವ್ವ,” ಎಂದರು ಅತ್ತೆ. “ಕರದ್ರ ಬರ್ತಾಳೋ ಇಲ್ಲೋ ಅಂತ.”

ಅವರು ಹೋದ ಮೇಲೆ ಮನೆಯಲ್ಲಿ ನಾನೊಬ್ಬಳೇ. ಪ್ರಾರ್ಥನೆ ಮಾಡಲು ಹೋದರೆ ಒಂದು ಮಾತೂ ನೆನಪಿಗೆ ಬರಲಿಲ್ಲ. ಅವ್ವನ ಕೂಗು ಮತ್ತೆ ಕೇಳಿಸಿತು. ಕೂಗುತ್ತಿರುವುದು ನಾನೇ ಎಂದು ಆಮೇಲೆ ತಿಳಿಯಿತು.

ನರ್ಸಮ್ಮ ಬಂದಳು. ಆದರೆ ಹೊಸ್ತಿಲ ಆಚೆಯೇ ನಿಂತು, ಒಳಗೆ ಬರಲೇ ಎಂದು ಅತ್ತೆಯನ್ನು ಕೇಳಿದಳು.

“ಬಾರವ್ವ. ಅವತ್ತು ನಾ ಅಂದಿದ್ದು ತಪ್ಪು.”

“ಅದು ಆಮ್ಯಾಲಿರ್ಲಿ ಅಕ್ಕಾ. ಮೊದ್ಲು ನೀರು ಕಾಸ್ರಿ.”

ಕೂಸು ಕಾಲು ಮುಂದಾಗಿ ಬರುತ್ತಿದೆ ಎಂದು ಅವಳು ಅತ್ತೆಗೆ ಮೆಲ್ಲಗೆ ಹೇಳಿದ್ದು ನನಗೂ ಕೇಳಿಸಿತು. ಭಯಪಡಕು ತಲ್ಲೀ, ಹೆದರಬೇಡ ತಾಯೀ, ಎಂದು ತೆಲುಗಿನಲ್ಲೂ ಕನ್ನಡದಲ್ಲೂ ಅವಳು ಹೇಳುತ್ತಲೇ ಇದ್ದಳು, ತನಗೂ ಸೇರಿಸಿ ಹೇಳಿಕೊಂಡಂತೆ. ಅತ್ತೆ ಹಿಂದಿನಿಂದ ನನ್ನ ಭುಜ ಹಿಡಿದು ಪ್ರಾರ್ಥಿಸುತ್ತಿದ್ದರು. ಇಬ್ಬರ ದನಿಯೂ ಒಂದರ ಮೇಲೊಂದು ಬೀಳುತ್ತಿತ್ತು. ಹುಟ್ಟಿದ ಕೂಸು ಅಳಲಿಲ್ಲ. ನರ್ಸಮ್ಮ ಅದರ ಬಾಯಿ ಒರೆಸಿ, ಬೆನ್ನು ತಿಕ್ಕಿ, ಮತ್ತೆ ತಿಕ್ಕಿದಳು. ಆ ಹೊತ್ತು ಎಷ್ಟಿತ್ತೋ ಇವತ್ತಿಗೂ ಗೊತ್ತಿಲ್ಲ. ಕೊನೆಗೆ ಒಂದು ಸಣ್ಣ ಅಳು ಕೇಳಿಸಿತು.

ನೆತ್ತರು ನಿಲ್ಲುವ ತನಕ ನರ್ಸಮ್ಮ ನನ್ನ ಹೊಟ್ಟೆ ಒತ್ತಿ ಹಿಡಿದು ಕೂತಿದ್ದಳು. ಅತ್ತೆ ತಟ್ಟೆಯಲ್ಲಿ ಅನ್ನ ಕಲಸಿ ತಂದು ಅವಳಿಗೆ ತುತ್ತು ಮಾಡಿ ತಿನ್ನಿಸಿದರು.

ಮಗಳ ದೀಕ್ಷಾಸ್ನಾನದ ದಿನ ಗೊತ್ತಾದಾಗ ಮತ್ತೆ ಹೆದರಿಕೆ ಹಿಡಿಯಿತು. ನರ್ಸಮ್ಮನ ಜೊತೆ ಕೂಡಿಬಂದದ್ದೆಲ್ಲ ಇದರಿಂದಲೇ ಮುರಿದುಬಿದ್ದರೆ? ಅತ್ತೆ ಹೋಗಿ ಅವಳನ್ನು ಕರೆದರು. ನೀವು ಮಾಡುವುದನ್ನು ನಾನು ಒಪ್ಪುವುದಿಲ್ಲ, ಆದರೆ ಕೂಸನ್ನು ನೋಡಲು ಬರುತ್ತೇನೆ ಎಂದಳಂತೆ ನರ್ಸಮ್ಮ. ಆ ದಿನ ಚರ್ಚಿಗೆ ಬಂದು ಕೊನೆಯ ಸಾಲಿನಲ್ಲಿ ಕೂತಳು. ಹಿರಿಯರೊಬ್ಬರು ತಿರುಗಿ ದಿಟ್ಟಿಸಿದರು, ಗುಸುಗುಸು ಎದ್ದಿತು. ಈಗ ಯಾರಾದರೂ ಅವಳನ್ನು ಹೊರಗೆ ಕಳಿಸುತ್ತಾರೆಂದು ಹೆದರಿದೆ. ಅತ್ತೆ ಮುಂದಿನ ಸಾಲಿನಿಂದೆದ್ದು, ಎಲ್ಲರನ್ನೂ ದಾಟಿ ಹಿಂದಕ್ಕೆ ಹೋಗಿ ಅವಳ ಪಕ್ಕ ಕೂತರು. ಕೂಸಿಗೆ ದೀಕ್ಷಾಸ್ನಾನವಾಗುವ ತನಕ ಇಬ್ಬರೂ ಅಲ್ಲೇ ಇದ್ದರು.

ಸಭೆ ಮಾತ್ರ ಒಂದಾಗಲಿಲ್ಲ. ಎರಡನೆಯ ಹೆರಿಗೆಗೆ ನರ್ಸಮ್ಮನಿಗೆ ಮುಂಚಿತವಾಗಿ ಹೇಳಿಬರಲು ನಾನೇ ಹೋದೆ. ಆಗಲೂ ಹೆದರಿಕೆಯಿತ್ತು, ಆದರೆ ಅವ್ವನ ಕೂಗಿನ ಮಾತನ್ನು ಈ ಸಲ ಅವಳಿಗೆ ಬಾಯಿಬಿಟ್ಟು ಹೇಳಿದೆ.